ಹದಿನಾಲ್ಕನೆಯ ಮೊಳೆ

ಮಾರ್ಚ್ ಹದಿನೇಳನೆಯ ತಾರೀಕು, ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ನೂರ ಇಪ್ಪತ್ತನೆಯ ಕೀಲಿಕೈಯೂ ಬೀಗದೊಳಗೆ ತಿರುಗಲಿಲ್ಲ. ಗುಮಾಸ್ತರು ಅದನ್ನು ಹೊರಕ್ಕೆಳೆದು, ಎಡಗಡೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಹನ್ನೆರಡನೆಯ ಸಾಲಿನ ಕೊನೆಗಿಟ್ಟು, ಬಲಗಡೆಯ ರಾಶಿಯಿಂದ ಮುಂದಿನದನ್ನು ಎತ್ತಿಕೊಂಡರು.

ಮುಂದಿನ ಕೋಣೆಯಲ್ಲಿ ಗೊಂಚಲಣ್ಣನ ದೇಹವಿತ್ತು. ಹಿಂದಿನ ಕೋಣೆಯ ಊಟದ ಮೇಜಿನ ಮೇಲೆ ಅವನ ಕಬ್ಬಿಣದ ಪೆಟ್ಟಿಗೆಯಿತ್ತು. ಪೆಟ್ಟಿಗೆ ಒಂದು ಮೊಳದಷ್ಟು ಉದ್ದ. ಅದಕ್ಕೆ ಬಿದ್ದಿದ್ದ ಬೀಗ ಮಾತ್ರ ಅಂಗೈ ತುಂಬುವಂಥದು. ಒಂದು ಗಂಟೆಗೆ ವ್ಯಾನು ಬರುವುದಿತ್ತು, ಒಂದೂವರೆಗೆ ಚಿತಾಗಾರದಲ್ಲಿ ಸರದಿ. ಅಷ್ಟರೊಳಗೆ ಪೆಟ್ಟಿಗೆ ತೆರೆಯಬೇಕು, ಒಳಗಿದ್ದದ್ದು ಗೊಂಚಲಣ್ಣನ ಜೊತೆಯಲ್ಲಿ ಹೋಗಬೇಕು. ಹಾಗೆಂದು ಅವನು ಎಷ್ಟೋ ವರ್ಷದ ಹಿಂದೆಯೇ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ.

"ಎಷ್ಟಾಯ್ತು, ಮಾಮ?" ಗೊಂಚಲಣ್ಣನ ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

"ನೂರ ಇಪ್ಪತ್ತು."

"ಇನ್ನೆಷ್ಟಿದೆ?"

"ನಾನೂರ ಇಪ್ಪತ್ತು."

ಅವಳು ಗೋಡೆ ಗಡಿಯಾರ ನೋಡಿದಳು. ಗುಮಾಸ್ತರು ನೋಡಲಿಲ್ಲ. ಲೆಕ್ಕ ಅವರ ತಲೆಯಲ್ಲೇ ಇತ್ತು. ಗೊಂಚಲಣ್ಣ ಕೂಡಿಟ್ಟ ಕೀಲಿಕೈಗಳು ಒಟ್ಟು ಮೂರು ಸಾವಿರದ ಇನ್ನೂರ ಹದಿನಾರು. ಬೀಗದ ಬಾಯಿಯೊಳಗೆ ನಡುವೆ ಒಂದು ಕಡ್ಡಿಯಿದೆ, ಹಾಗಾಗಿ ಕೊಳವೆಯಂತೆ ಟೊಳ್ಳಾದ ಕೀಲಿಕೈ ಮಾತ್ರ ಇದಕ್ಕೆ ಹೊಂದುತ್ತದೆ ಎಂದು ಬೀಗದ ಅಂಗಡಿಯವನು ಹೇಳಿದ ಮೇಲೆ, ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಹತ್ತು ಮಂದಿ ನೆಲದ ಮೇಲೆ ಕೂತು ಆರಿಸಿದ್ದರು. ಟೊಳ್ಳಾದವು ಐನೂರ ನಲವತ್ತು ಸಿಕ್ಕವು. ಒಂದಕ್ಕೆ ಇಪ್ಪತ್ತು ಸೆಕೆಂಡು. ಎಲ್ಲಕ್ಕೂ ಮೂರು ಗಂಟೆ. ಇದ್ದದ್ದು ಎರಡೂವರೆ.

"ನಾವೂ ಕೈ ಹಾಕಿದ್ರೆ ಬೇಗ ಮುಗಿಯಲ್ವಾ?" ಎಂದು ಎದುರಿಗೆ ಕೂತಿದ್ದ ಮುದಿ ಕಂಡಕ್ಟರ್ ಕೇಳಿದ.

"ಕೈ ಎಷ್ಟಿದ್ರೇನು, ಬೀಗ ಒಂದೇ."

"ಅದೂ ಸರಿ. ಅವನೇ ಇದ್ದಿದ್ರೆ ಬೀಗದ ಹತ್ರಾನೂ 'ಏನಪ್ಪಾ, ಮನೆ ಕಡೆ ಎಲ್ಲ ಕ್ಷೇಮವಾ' ಅಂತ ಮಾತು ತೆಗೆದು, ಅದಾಗೇ ಬಾಯಿ ಬಿಡೋ ಹಾಗೆ ಮಾಡಿರ್ತಿದ್ದ." ಕಂಡಕ್ಟರ್ ನಗಲು ಹೋಗಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಮುಖ ಒರೆಸಿಕೊಂಡು, "ಸ್ನೇಹ ಅಂದ್ರೆ ಇದು ಕಣ್ರೀ. ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿಲ್ಲ ನೀವು," ಎಂದ.

ನೂರ ಇಪ್ಪತ್ತನಾಲ್ಕನೆಯದು ತಿರುಗಲಿಲ್ಲ.

* * *

ಗುಮಾಸ್ತರೂ ಗೊಂಚಲಣ್ಣನೂ ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು. ಬಸ್ ನಿಲ್ದಾಣದ ಮೂಲೆಯಲ್ಲಿ, ಟಿಕೆಟ್ ಕಿಟಕಿಗಳ ಸಾಲು ಮುಗಿದ ಮೇಲೆ ಇನ್ನೊಂದು ಕಿಟಕಿ. ಅದರ ಮೇಲೆ 'ಕಳೆದ ವಸ್ತುಗಳು' ಎಂಬ ಹಲಗೆ. ಕಿಟಕಿಯ ಬಳಿ ಗೊಂಚಲಣ್ಣ ಕೂರುತ್ತಿದ್ದ, ಅವನ ಬೆನ್ನ ಹಿಂದೆ ರಿಜಿಸ್ಟರಿನ ಮುಂದೆ ಗುಮಾಸ್ತರು. ಕೊಡೆ ಕಳೆದುಕೊಂಡು ಬಂದವನು ಕೊಡೆ ಸಿಗಲಿ ಬಿಡಲಿ, ಅರ್ಧ ಗಂಟೆ ಕಳೆಯದೆ ಅಲ್ಲಿಂದ ಹೋಗುತ್ತಿರಲಿಲ್ಲ. ಮಗಳ ಮದುವೆ, ಮೈದುನನ ಜಗಳ, ಹಲ್ಲುನೋವು ಎಲ್ಲವನ್ನೂ ಕಿಟಕಿಯೊಳಗೆ ಸುರಿದು ಹೋಗುತ್ತಿದ್ದ.

"ಕೊಡೆ ಬಣ್ಣ ಕೇಳಯ್ಯಾ," ಎಂದು ಗುಮಾಸ್ತರು ಹಿಂದಿನಿಂದ ಗದರಬೇಕಾಗುತ್ತಿತ್ತು. "ಅವನ ಮೈದುನನ್ನ ಯಾವ ಕಾಲಮ್ಮಿನಲ್ಲಿ ಬರೀಲಿ?"

ವಾರಸುದಾರರು ಬಾರದ ಸಾಮಾನು ಒಂದು ವರ್ಷವಾದ ಮೇಲೆ ಗುಜರಿಗೆ. ಅದು ನಿಯಮ. ಒಮ್ಮೆ ಒಬ್ಬ ಹೆಂಗಸು ಒಂದು ವರ್ಷ ಒಂದು ದಿನಕ್ಕೆ ಸರಿಯಾಗಿ ಬಂದಳು. ಕಾಯಿಲೆ ಬಿದ್ದಿದ್ದೆ, ಈಗ ಏಳುವಂತಾಯಿತು, ನನ್ನ ಟ್ರಂಕಿನ ಕೀಲಿಕೈ ಸಿಕ್ಕಿದೆಯೇ ಎಂದು ಕೇಳಿದಳು. ಸಿಕ್ಕಿತ್ತು. ಹಿಂದಿನ ದಿನ ಅದು ತೂಕಕ್ಕೆ ಹೋಗಿತ್ತು. ಆ ದಿನ ಗೊಂಚಲಣ್ಣ ಊಟದ ಡಬ್ಬಿಯನ್ನು ತೆರೆಯಲೇ ಇಲ್ಲ. ಸಂಜೆ ಗುಜರಿಗೆಂದು ಬೇರೆ ತೆಗೆದಿಟ್ಟಿದ್ದ ಕೀಲಿಕೈಗಳನ್ನು ಚೀಲಕ್ಕೆ ಸುರಿದುಕೊಂಡ.

"ಅರ್ಜಿ ಬರೆದುಕೊಡು," ಎಂದರು ಗುಮಾಸ್ತರು.

"ತುಕ್ಕು ಹಿಡಿದ ಕಬ್ಬಿಣಕ್ಕೂ ಅರ್ಜಿಯಾ?"

"ಇಲಾಖೆ ಸಾಮಾನು. ಜೇಬಿಗೆ ಹಾಕ್ಕೊಂಡು ಹೋಗೋ ಹಾಗಿಲ್ಲ."

"ನೀನು ಸತ್ತರೆ ಯಮನ ಹತ್ರಾನೂ ರಸೀದಿ ಕೇಳ್ತೀಯ."

ಕೊನೆಗೆ ಅರ್ಜಿಯನ್ನು ಗುಮಾಸ್ತರೇ ಬರೆದರು, ಮೇಲಧಿಕಾರಿಯ ರುಜುವನ್ನೂ ತಾವೇ ತಂದರು. ಇಪ್ಪತ್ತೇಳು ವರ್ಷ ಹಾಗೆ ನಡೆಯಿತು. ಮನೆಯ ಮುಂದಿನ ಕೋಣೆಯ ನಾಲ್ಕೂ ಗೋಡೆಗೆ ಗೊಂಚಲಣ್ಣ ಸಾಲುಸಾಲಾಗಿ ಮೊಳೆ ಹೊಡೆದ. ಒಂದೊಂದು ಮೊಳೆಗೆ ಒಂದೊಂದು ಕೀಲಿಕೈ, ಒಂದೊಂದಕ್ಕೂ ಚೀಟಿ: ಯಾವ ಬಸ್ಸು, ಯಾವ ದಿನ. ಬಂದವರೆಲ್ಲರನ್ನೂ ಗೋಡೆಯ ಮುಂದೆ ನಿಲ್ಲಿಸಿ, "ನೋಡಿ, ನಿಮ್ಮದೇನಾದ್ರೂ ಇದೆಯಾ," ಎಂದು ಕೇಳುತ್ತಿದ್ದ. ಹಾಲಿನವನನ್ನೂ ಕೇಳಿದ, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನೂ ಕೇಳಿದ. ಇಷ್ಟೂ ವರ್ಷದಲ್ಲಿ ಎರಡು ಕೀಲಿಕೈಗಳು ತಮ್ಮವರನ್ನು ಸೇರಿದವು.

"ಮೂರು ಸಾವಿರ ಚಿಲ್ಲರೆಯಲ್ಲಿ ಎರಡು," ಎಂದರು ಗುಮಾಸ್ತರು.

"ಎರಡಲ್ಲ ಕಣಯ್ಯಾ, ಇಬ್ಬರು," ಎಂದ ಗೊಂಚಲಣ್ಣ.

* * *

ಹನ್ನೆರಡು ಗಂಟೆಗೆ ದೂರದ ನೆಂಟರು ಬಂದು, ಮುಂದಿನ ಕೋಣೆಯಲ್ಲಿ ಅಳು ಎದ್ದಿತು. ಗುಮಾಸ್ತರೂ ಎದ್ದು ಹೋಗಿ ನಿಂತರು. ಆರು ನಿಮಿಷ ಹೋಯಿತು, ಎಂದರೆ ಹದಿನೆಂಟು ಕೀಲಿಕೈ. ತಿರುಗಿ ಬಂದು ಕೂತಾಗ ಗೊಂಚಲಣ್ಣನ ಹೆಂಡತಿ ಹಿಂದೆಯೇ ಬಂದು, ಎದುರಿನ ಕುರ್ಚಿಯಲ್ಲಿ ಕೂತಳು. ಕಂಡಕ್ಟರ್ ಎದ್ದು ಹೊರಗೆ ಹೋದ.

"ಒಳಗೇನಿದೆ ಅಂತ ನಿಮಗೆ ಗೊತ್ತಾ, ಅಣ್ಣಾ?"

"ಇಲ್ಲಮ್ಮ."

"ಮಗಳಿಗಿಂತ ಮುಂಚೆ ನಮಗೊಂದು ಮಗು ಇತ್ತು. ನಾಲ್ಕು ವರ್ಷ ಇತ್ತು, ಹೋಯ್ತು. ಅದರ ಒಂದು ಜೊತೆ ಬೂಟು, ಒಂದು ಟೋಪಿ. ಇನ್ನೇನಿಲ್ಲ."

ಗುಮಾಸ್ತರ ಕೈ ನಿಂತಿತು. ಮೂವತ್ತೊಂದು ವರ್ಷ ಅವರ ಮುಂದೆ ಕೂತು, ಕಂಡಕಂಡವರ ಹಲ್ಲುನೋವನ್ನೆಲ್ಲ ವಿಚಾರಿಸಿದ ಮನುಷ್ಯ ಇದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

"ದಿನಾ ಸಂಜೆ ತೆಗೆದು ನೋಡ್ಕೊಂಡು ಕೂತ್ಕೊಳ್ಳೋರು. ನಾನೇ ಬೈದೆ, ಸಾಕು ಮಾಡಿ, ಇರೋ ಮಗಳ ಮುಖ ನೋಡಿ ಅಂತ. ರಿಟೈರಾದ ದಿನ ಬಂದು, ಕೀ ಒಬ್ಬರಿಗೆ ಕೊಟ್ಟುಬಂದೆ, ಇನ್ನು ತೆಗೆಯಲ್ಲ, ನಾನು ಹೋಗೋವಾಗ ಜೊತೆಗೆ ಹಾಕಿ ಕಳ್ಸು ಅಂದ್ರು. ಯಾರಿಗೆ ಅಂತ ಕೇಳಿದೆ. 'ಆತ ಯಾರ ಹತ್ರಾನೂ ಮಾತಾಡಲ್ಲ, ಬಿಡು' ಅಂದ್ರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಬೆಳಿಗ್ಗೆ ಎಲ್ಲರನ್ನೂ ಕೇಳಿದೆ. ಯಾರೂ ನನ್ನ ಹತ್ರ ಇದೆ ಅನ್ನಲಿಲ್ಲ. ನೀವು ಮಾತ್ರ ಈ ರಾಶಿಯೊಳಗೇ ಇರಬಹುದು, ಹುಡುಕೋಣ ಅಂದ್ರಿ."

"ಹೌದು."

"ಇದೆಯಾ, ಅಣ್ಣಾ, ಇದರೊಳಗೆ?"

"ಇರಬಹುದು," ಎಂದರು ಗುಮಾಸ್ತರು. ಇನ್ನೂರ ಎಪ್ಪತ್ತೊಂಬತ್ತನೆಯದನ್ನು ಬೀಗಕ್ಕೆ ಹಾಕಿದರು. ಅದು ಒಳಗೆ ಹೋಗಿ ಅರ್ಧಕ್ಕೆ ನಿಂತಿತು.

* * *

ನಿವೃತ್ತಿಯ ದಿನ ಹಾರ ಭಾಷಣ ಎಲ್ಲ ಮುಗಿದ ಮೇಲೆ, ಖಾಲಿ ಕೋಣೆಯಲ್ಲಿ ಗೊಂಚಲಣ್ಣ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ಗುಮಾಸ್ತರ ಕೈಗಿಟ್ಟಿದ್ದ.

"ಏನಿದು?"

"ಕೀ."

"ಯಾವ ಬಸ್ಸಿಂದು?"

"ಬಸ್ಸಿಂದಲ್ಲ, ನಂದು. ನಿನ್ನ ಹತ್ರ ಇರ್ಲಿ. ಕೇಳೋವರೆಗೆ ಇಟ್ಕೋ."

"ಏನಂತ ಬರೆದುಕೊಳ್ಲಿ?"

"ಬರೀಬೇಡ. ಒಂದೇ ಒಂದು ಸಲ, ನನಗೋಸ್ಕರ, ಏನೂ ಬರೀಬೇಡ."

ಗುಮಾಸ್ತರು ಬರೆಯಲಿಲ್ಲ, ಬಿಚ್ಚಿಯೂ ನೋಡಲಿಲ್ಲ. ಆದರೆ ಪರರ ವಸ್ತುವೊಂದು, ನಮೂದಿಲ್ಲದೆ, ಮೇಜಿನ ಖಾನೆಯಲ್ಲಿ ಹದಿನಾರು ವರ್ಷ ಕೂತದ್ದು ಅವರಿಗೆ ಹಲ್ಲಿನ ಸಂದಿಯ ನಾರಿನಂತೆ ಕಾಡಿತು. ಇಡೀ ಸೇವಾವಧಿಯಲ್ಲಿ ಒಂದು ಕರ್ಚೀಪನ್ನೂ ಮನೆಗೊಯ್ಯದ ಮನುಷ್ಯ ಅವರು.

ಇಪ್ಪತ್ತು ದಿನದ ಹಿಂದೆ ಗೊಂಚಲಣ್ಣನಿಗೆ ಲಕ್ವ ಹೊಡೆದು, ಆಸ್ಪತ್ರೆಗೆ ಸೇರಿಸಿದರು. ಆ ಸುದ್ದಿ ಕೇಳಿದಾಗ ಗುಮಾಸ್ತರಿಗೆ ಮೊದಲು ನೆನಪಾದದ್ದು ಆ ಪೊಟ್ಟಣ. ಅವನಿಗೆ ಏನಾದರೂ ಆದರೆ ಅದು ವಾರಸುದಾರರಿಲ್ಲದ ಸಾಮಾನಾಗಿ ತಮ್ಮಲ್ಲೇ ಉಳಿಯುತ್ತದೆ. ಮರುದಿನವೇ ಅವನ ಮನೆಗೆ ಹೋದರು. ಮಗಳು ಒಳಗೆ ಆಸ್ಪತ್ರೆಗೆ ಬುತ್ತಿ ಕಟ್ಟುತ್ತಿದ್ದಳು. ಗುಮಾಸ್ತರು ಪೊಟ್ಟಣ ಬಿಚ್ಚಿ, ಎರಡನೆಯ ಗೋಡೆಯ ಒಂಬತ್ತನೆಯ ಸಾಲಿನಲ್ಲಿ ಖಾಲಿ ಇದ್ದ ಹದಿನಾಲ್ಕನೆಯ ಮೊಳೆಗೆ ಕೀಲಿಕೈಯನ್ನು ನೇತುಹಾಕಿದರು. ಅದರ ರೂಪವನ್ನು ಗಮನಿಸಲಿಲ್ಲ. ಅದು ಇದ್ದ ಸ್ಥಾನ ಗೊತ್ತಿದ್ದರೆ ಸಾಕಲ್ಲವೇ. ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ, ಮಂಚದ ಬಳಿ ಬಾಗಿ, "ನಿಂದು ನಿನ್ನ ಮನೆಗೆ ತಲುಪಿಸಿದೀನಿ ಕಣಯ್ಯಾ," ಎಂದರು.

ಗೊಂಚಲಣ್ಣ ಆಡುವ ಎಡಗೈಯಿಂದ ಅವರ ಮಣಿಕಟ್ಟನ್ನು ಹಿಡಿದುಕೊಂಡ. ಬಾಯಿ ಒಂದು ಕಡೆಗೆ ಎಳೆಯಿತು, ಗಂಟಲಿನಿಂದ ಏನೋ ಸದ್ದು ಬಂತು, ಮತ್ತೆ ಬಂತು. ಕಣ್ಣು ನೀರಾಡಿತು. ಧನ್ಯವಾದ ಹೇಳುತ್ತಿದ್ದಾನೆಂದು ಗುಮಾಸ್ತರು ತಿಳಿದರು. "ಇರಲಿ, ಇರಲಿ," ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಂದರು.

ಇವತ್ತು ಬೆಳಿಗ್ಗೆ ಎಂಟು ಗಂಟೆಗೆ, ಗೊಂಚಲಣ್ಣನ ಹೆಂಡತಿ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕೀಲಿಕೈಯ ವಿಷಯ ಕೇಳುತ್ತಿದ್ದಾಗ, ಅವರು ಏನೂ ಹೇಳದೆ ಎರಡನೆಯ ಗೋಡೆಯ ಕಡೆ ತಿರುಗಿದ್ದರು. ಒಂಬತ್ತನೆಯ ಸಾಲು ಇತ್ತು, ಹದಿನಾಲ್ಕನೆಯ ಮೊಳೆಯೂ ಇತ್ತು. ಮೊಳೆ ಬರಿದಾಗಿತ್ತು. ನಾಲ್ಕೂ ಗೋಡೆಗಳ ಮೇಲೆ ಬರಿಯ ಮೊಳೆಗಳೇ ಇದ್ದವು.

"ಜನ ಬರ್ತಾರಲ್ಲ, ಬಟ್ಟೆಗೆ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ರಾತ್ರಿನೇ ಎಲ್ಲ ಇಳಿಸಿಬಿಟ್ಟೆ," ಎಂದ ಗೊಂಚಲಣ್ಣನ ಭಾಮೈದ. ಮೂಲೆಯಲ್ಲಿ ನಾಲ್ಕು ಗೋಣಿಚೀಲಗಳು ಒಂದಕ್ಕೊಂದು ಒರಗಿ ಕೂತಿದ್ದವು. ಚೀಟಿಗಳು ಹರಿದು ನೆಲದ ತುಂಬ ಬಿದ್ದಿದ್ದವು.

* * *

ಹನ್ನೆರಡು ನಲವತ್ತಕ್ಕೆ ಗುಮಾಸ್ತರು ಕೈ ನಿಲ್ಲಿಸಿದರು. ಮುನ್ನೂರ ಎಪ್ಪತ್ತೆರಡು ಮುಗಿದಿತ್ತು. ನೂರ ಅರವತ್ತೆಂಟು ಉಳಿದಿತ್ತು.

"ಇದಕ್ಕೆ ಐವತ್ತಾರು ನಿಮಿಷ ಬೇಕು. ಇರೋದು ಇಪ್ಪತ್ತು," ಎಂದರು. "ಅಷ್ಟರಲ್ಲಿ ಅರವತ್ತು ನೋಡಬಹುದು. ಸಿಗೋ ಸಂಭವ ಮೂರರಲ್ಲಿ ಒಂದು ಪಾಲು. ಬೀಗ ಕೊಯ್ಯೋದೇ ಮೇಲು."

"ನಾನು ಬೆಳಿಗ್ಗೆನೇ ಬಡ್ಕೊಂಡೆ," ಎಂದ ಭಾಮೈದ. "ಅಕ್ಕ ಕೇಳಬೇಕಲ್ಲ."

ಬೆಳಿಗ್ಗೆ ಅವಳು ಒಪ್ಪಿರಲಿಲ್ಲ. ಹಾಗೆ ಬೀಗ ಒಡೆದು ತೆಗೆಯುವುದನ್ನು ಜೀವಮಾನದಲ್ಲಿ ಸಹಿಸದ ಮನುಷ್ಯ, ಇನ್ನೂ ಮನೆಯಲ್ಲೇ ಮಲಗಿದ್ದಾರೆ, ಅವರ ಎದುರಿಗೆ ಬೇಡ ಎಂದಿದ್ದಳು. ಈಗ ಗುಮಾಸ್ತರ ಮುಖ ನೋಡಿದಳು. "ನೀವು ಲೆಕ್ಕ ಹಾಕಿ ಹೇಳ್ತಿದೀರಲ್ಲ, ಅಣ್ಣಾ?"

"ಹೌದು."

"ಹಾಗಾದ್ರೆ ಕೊಯ್ರಿ."

ಬೀಗದ ಅಂಗಡಿಯವನು ಗರಗಸ ಹಿಡಿದು ಕೂತ. ಕಂಡಕ್ಟರ್ ಪೆಟ್ಟಿಗೆಯನ್ನು ಅಮುಕಿ ಹಿಡಿದ. ಕಬ್ಬಿಣದ ಕಿರ್ರೆನ್ನುವ ಸದ್ದಿಗೆ ಮುಂದಿನ ಕೋಣೆಯ ಅಳು ನಿಂತುಹೋಯಿತು. ಗುಮಾಸ್ತರು ಉಳಿದ ನೂರ ಅರವತ್ತೆಂಟನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತರು. ಬೀಗ ಗರಗಸದ ಕೆಳಗಿತ್ತು, ಅವರಿಗೆ ಮಾಡಲು ಏನೂ ಇರಲಿಲ್ಲ. ಆರು ನಿಮಿಷಕ್ಕೆ ಒಂದು ಬ್ಲೇಡು ಮುರಿಯಿತು. ಹದಿಮೂರು ನಿಮಿಷಕ್ಕೆ ಇನ್ನೊಂದು.

"ಹಳೇ ಕಾಲದ ಉಕ್ಕು ಸಾರ್. ಕೂದಲೆಳೆಯಷ್ಟು ಕಚ್ಚಿದೆ, ಅಷ್ಟೆ." ಅಂಗಡಿಯವನು ಬೆವರು ಒರೆಸಿಕೊಂಡ. "ಮೆಷಿನ್ನೇ ಬೇಕು. ಅದನ್ನ ಇನ್ನೊಂದು ಕಡೆ ಕೆಲಸಕ್ಕೆ ಕೊಟ್ಟುಬಿಟ್ಟಿದೀನಿ. ತರ್ಸೋಕೆ ಒಂದು ಗಂಟೆ ಆಗುತ್ತೆ."

ಹೊರಗೆ ವ್ಯಾನಿನ ಹಾರನ್ ಕೇಳಿಸಿತು.

"ಪೆಟ್ಟಿಗೆ ಸಮೇತ ಕಳ್ಸಿಬಿಡೋಣ," ಎಂದಳು ಮಗಳು. ವ್ಯಾನಿನವನು ಒಳಗೆ ಇಣುಕಿ, ಪೆಟ್ಟಿಗೆ ನೋಡಿ, ತಲೆಯಾಡಿಸಿದ. "ಕಬ್ಬಿಣ ಒಳಗೆ ಬಿಡಲ್ಲಮ್ಮ. ಕೈಯಲ್ಲಿರೋ ಬಳೇನೂ ಬಿಚ್ಚಿಸ್ತಾರೆ. ಬೇಗ ಮಾಡಿ, ನಿಮ್ಮ ಹಿಂದೆ ಇನ್ನೂ ಮೂರು ಇದೆ."

ಹೆಂಡತಿ ಪೆಟ್ಟಿಗೆಯ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತಳು. ಅನಂತರ ಮುಂದಿನ ಕೋಣೆಗೆ ಹೋಗಿ, ಗೊಂಚಲಣ್ಣನ ಕಿವಿಯ ಬಳಿ ಬಾಗಿ ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ನಾಲ್ವರು ಎತ್ತಿದರು.

ಬೀದಿಯಲ್ಲಿ ನಿಂತಿದ್ದ ಜನರನ್ನು ಗುಮಾಸ್ತರು ಎಣಿಸಲು ಹೋಗಿ ನೂರಾ ಎಂಬತ್ತಕ್ಕೆ ಬಿಟ್ಟರು. ಹಾಲಿನವನಿದ್ದ, ಹಳೆಯ ಡ್ರೈವರುಗಳಿದ್ದರು, ಕೊಡೆ ಕಳೆದುಕೊಂಡವರು ಯಾರಾರೋ ಇದ್ದರು. "ನಮ್ಮಪ್ಪನಿಗೆ ಹುಷಾರಿಲ್ಲ ಅಂತ ಒಂದೇ ಒಂದು ಸಲ ಹೇಳಿದ್ದೆ," ಎನ್ನುತ್ತಿದ್ದ ಒಬ್ಬ ನಡುವಯಸ್ಸಿನವನು, "ಹತ್ತು ವರ್ಷ ಸಿಕ್ಕಿದಾಗೆಲ್ಲ ವಿಚಾರಿಸಿದ್ರು."

ಒಂದೂವರೆಗೆ ಸರಿಯಾಗಿ ಚಿತಾಗಾರದ ಬಾಗಿಲು ಮುಚ್ಚಿತು. ಅದಕ್ಕೆ ಬೀಗವಿರಲಿಲ್ಲ, ಎಳೆಯುವ ಹಿಡಿಯೊಂದು ಮಾತ್ರ ಇತ್ತು.

* * *

ನಾಲ್ಕೂವರೆಗೆ ಮನೆ ಬಹುಮಟ್ಟಿಗೆ ಖಾಲಿಯಾಗಿತ್ತು. ಮಗಳು ಒಳಗೆ ಮಲಗಿದ್ದಳು. ಗುಮಾಸ್ತರು ಬಂದು ಊಟದ ಮೇಜಿನ ಮುಂದೆ ಮತ್ತೆ ಕೂತರು. ಮುನ್ನೂರ ಎಪ್ಪತ್ತಮೂರು. ಮುನ್ನೂರ ಎಪ್ಪತ್ತನಾಲ್ಕು. ಗೊಂಚಲಣ್ಣನ ಹೆಂಡತಿ ತಲೆಗೆ ನೀರು ಹಾಕಿಕೊಂಡು ಬಂದು ಎದುರಿಗೆ ಕೂತಳು. ಯಾಕೆ ಎಂದು ಅವಳು ಕೇಳಲಿಲ್ಲ. ಬೀಗ ಅಲುಗದಂತೆ ಅದರ ತುದಿಯನ್ನು ಬೆರಳಿನಿಂದ ಹಿಡಿದುಕೊಂಡಳು. ಕೊಂಡಿಯ ಮೇಲೆ ಗರಗಸದ ಗೆರೆ ಹೊಸದಾಗಿ ಹೊಳೆಯುತ್ತಿತ್ತು.

ನಾನೂರ ಒಂದನೆಯದು ಒಳಗೆ ಹೋಯಿತು, ತಿರುಗಿತು. ಬೀಗ ಬಾಯಿಬಿಟ್ಟಿತು.

ಇಪ್ಪತ್ತೊಂಬತ್ತು ಕೀಲಿಕೈ. ಒಂಬತ್ತು ನಿಮಿಷ ನಲವತ್ತು ಸೆಕೆಂಡು. ಮಧ್ಯಾಹ್ನ ಅವರ ಕೈಯಲ್ಲಿ ಇಪ್ಪತ್ತು ನಿಮಿಷವಿತ್ತು.

ಅವರು ಪೆಟ್ಟಿಗೆಯ ಮುಚ್ಚಳವನ್ನು ಮುಟ್ಟಲಿಲ್ಲ. ಅವಳೂ ಮುಟ್ಟಲಿಲ್ಲ.

"ಕೊಟ್ಟಿದ್ದು ನಿಮಗೇ ಅಲ್ವಾ, ಅಣ್ಣಾ?"

"ಹೌದಮ್ಮ."

"ಮತ್ತೆ ಇದರೊಳಗೆ ಹೇಗೆ ಬಂತು?"

"ನಾನೇ ತಂದಿಟ್ಟೆ. ಅವನದು ಅವನಿಗೆ ಸೇರಲಿ ಅಂತ. ಎರಡನೇ ಗೋಡೆ, ಒಂಬತ್ತನೇ ಸಾಲು..." ಅವರು ಮುಂದಿನ ಕೋಣೆಯ ಕಡೆ ನೋಡಿದರು. "ಬೆಳಿಗ್ಗೆ ನೀವು ಕೇಳಿದಾಗಲೇ ಹೇಳಬೇಕಿತ್ತು," ಎಂದರು.

"ಹೇಳಿದ್ರೂ ಆಗಲೇ ಗೋಣಿಚೀಲದಲ್ಲಿತ್ತು." ಅವಳು ತೆರೆದ ಬೀಗವನ್ನು ನೋಡುತ್ತಿದ್ದಳು. "ಅವರು ನಿಮಗೆ ಕೊಟ್ಟಿದ್ದು ಇಟ್ಕೊಳ್ಲಿ ಅಂತ. ವಾಪಸ್ ಕೊಡ್ಲಿ ಅಂತ ಅಲ್ಲ."

ಅವಳು ಬೀಗವನ್ನು ಅಮುಕಿ ಮತ್ತೆ ಹಾಕಿದಳು, ಕೀಲಿಕೈ ಹೊರಕ್ಕೆಳೆದಳು. ಮೇಜಿನ ಮೇಲಿನ ಪತ್ರಿಕೆಯ ಮೂಲೆ ಹರಿದು, ಅದರಲ್ಲಿ ಸುತ್ತಿ, ಅವರ ಮುಂದಿಟ್ಟಳು.

"ಇನ್ನು ಇದು ನನ್ನ ಜೊತೆ ಹೋಗುತ್ತೆ. ಅಲ್ಲಿವರೆಗೆ ನಿಮ್ಮ ಹತ್ರ ಇರಲಿ."

"ನನ್ನ ಹತ್ರ ಬೇಡಮ್ಮ."

"ನನ್ನ ಹತ್ರ ಇದ್ರೆ ದಿನಾ ತೆಗೀತೀನಿ." ಅವಳು ಎದ್ದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊರಗಿಸಿಕೊಂಡಳು. "ನಾನು ಹೋದ ದಿನ ಬೆಳಿಗ್ಗೆನೇ ತಗೊಂಡು ಬನ್ನಿ, ಅಣ್ಣಾ. ತಡ ಮಾಡಬೇಡಿ."

ಅವಳಿಗೆ ಅರವತ್ತೇಳು. ಗುಮಾಸ್ತರಿಗೆ ಎಪ್ಪತ್ತಾರು. ಅವರು ಮನಸ್ಸಿನಲ್ಲೇ ಕಳೆದರು, ಮತ್ತೊಮ್ಮೆ ಕಳೆದರು. ಲೆಕ್ಕ ಎರಡು ಸಲವೂ ಒಂಬತ್ತೇ ಬಂತು. "ಆಗಲಮ್ಮ," ಎಂದರು.

ಬಸ್ ಸ್ಟಾಪಿನ ಕಂಬದ ಬಳಿ ಬಿಸಿಲು ಇಳಿಯುತ್ತಿತ್ತು. ಎಡಗೈಯಲ್ಲಿ ಕೊಡೆ. ಬಲಗೈ ಪೊಟ್ಟಣವಿದ್ದ ಅಂಗಿಯ ಜೇಬಿನ ಮೇಲೆ ಅಂಗೈ ಚಾಚಿ ಕೂತಿತ್ತು. ಅವರ ಬಸ್ಸು ದೂರದಲ್ಲಿ ಕಂಡಿತು, ಹತ್ತಿರ ಬಂತು. ಕೈ ಮಾಡಿದರೆ ಮಾತ್ರ ನಿಲ್ಲುವ ಬಸ್ಸು ಅದು. ಡ್ರೈವರ್ ವೇಗ ತಗ್ಗಿಸಿ, ಮುದುಕರ ಮುಖವನ್ನೇ ನೋಡಿ, ಒಂದು ಗಳಿಗೆ ಕಾದು, ಮುಂದಕ್ಕೆ ಹೊರಟುಹೋದ. ಜೇಬಿನ ಮೇಲಿನ ಕೈಯನ್ನು ಗುಮಾಸ್ತರು ತೆಗೆಯಲಿಲ್ಲ.